ಶಿಶುಶಿಕ್ಷಕಿಯ ಉನ್ನತ ವ್ಯಾಸಂಗವೂ ಧ್ಯೇಯವಿಕಾಸವೂ
(ಮಹೋತ್ಸವದ ಅಂಗವಾಗಿ ನಡೆದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮಠವು ಈ ನಾಡಿನಲ್ಲಿ ಅನ್ನದ ಮನೆಯೂ ಅರಿವಿನ ಮನೆಯೂ ಆಗಿ ಬೆಳೆದುಬಂದಿರುವುದು ಸರ್ವವಿದಿತವಾದ ಸಂಗತಿ. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು, ಅಲ್ಲಿಯ ದೀಪದ ಬೆಳಕಿನಲ್ಲಿ ಓದಿ, ವೈದ್ಯರೂ ನ್ಯಾಯವಾದಿಗಳೂ ಅಧ್ಯಾಪಕರೂ ಆದವರು ಅಸಂಖ್ಯಾತರು. ಆದುದರಿಂದ ಮಠದ ಮಹೋತ್ಸವದಲ್ಲಿ ವಿದ್ಯೆಯ ವಿಚಾರವನ್ನೆತ್ತುವುದು ಉಚಿತವೇ ಸರಿ. ಆದರೆ ವಿದ್ಯೆಯೆಂದೊಡನೆ ಜನರ ದೃಷ್ಟಿಯು ಕಾಲೇಜಿನ ಕಟ್ಟಡದ ಕಡೆಗೆ ಹರಿಯುವುದೇ ಹೊರತು, ಮೂರು ವರುಷದ ಕೂಸು ಕಾಲು ಚಾಚಿ ಕುಳಿತಿರುವ ಚಾಪೆಯ ಕಡೆಗೆ ಹರಿಯುವುದು ವಿರಳ. ಆ ಚಾಪೆಯ ಬಳಿ ಕೂಸಿನೊಡನೆ ಕುಳಿತಿರತಕ್ಕ ಉಪಾಧ್ಯಾಯಿನಿಯ ವಿಚಾರವೇ ಈ ಉಪನ್ಯಾಸದ ವಿಷಯವು. ಆಕೆಯು ಕೆಲಸದಲ್ಲಿದ್ದುಕೊಂಡೇ ಉನ್ನತ ವ್ಯಾಸಂಗವನ್ನು ಕೈಕೊಂಡಾಗ ಆಕೆಯ ಧ್ಯೇಯವು ಹೇಗೆ ಮಾರ್ಪಾಟು ಹೊಂದುವುದು, ಆ ಮಾರ್ಪಾಟು ಎತ್ತ ಕಡೆಗೆ ಸಾಗಿದರೆ ಲೋಕಕ್ಕೆ ಹಿತ, ಎಂಬೀ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಬೇಕಾಗಿದೆ.

ವಿಚಾರವು ಗಾಳಿಯಲ್ಲಿ ನಿಲ್ಲಬಾರದು. ಅದಕ್ಕೊಂದು ನೆಲ ಬೇಕು. ಬೆಂಗಳೂರಿನ ವಾಯವ್ಯ ದಿಕ್ಕಿನಲ್ಲಿರುವ ರಾಜಗೋಪಾಲನಗರವನ್ನು ಆ ನೆಲವೆಂದು ಭಾವಿಸಿಕೊಳ್ಳಬಹುದು. ಪಕ್ಕದ ಪೀಣ್ಯವು 1970ರ ದಶಕದಿಂದೀಚೆಗೆ ಕೈಗಾರಿಕಾ ಪ್ರದೇಶವಾಗಿ ಬೆಳೆದ ಮೇಲೆ, ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆ, ರಾಜಗೋಪಾಲನಗರ ಇವೆಲ್ಲವೂ ಕಾರ್ಮಿಕರ ವಸತಿಗಳಿಂದ ತುಂಬಿಹೋದವು. ಲೇತ್ ಯಂತ್ರದ ಅಂಗಡಿಗಳು, ಅಚ್ಚಿನ ಕಾರ್ಖಾನೆಗಳು, ಸಿದ್ಧ ಉಡುಪಿನ ಕಾರ್ಖಾನೆಗಳು, ಇವುಗಳ ಮಗ್ಗುಲಲ್ಲಿಯೇ ಒಂದೊಂದು ಕೋಣೆಯ ವಠಾರದ ಮನೆಗಳು. ಗಂಡನು ರಾತ್ರಿಯ ಪಾಳಿ ಮುಗಿಸಿ ಬರುವ ಹೊತ್ತಿಗೆ ಹೆಂಡತಿಯು ಬೆಳಗಿನ ಪಾಳಿಗೆ ಹೊರಟಿರುವಳು. ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯವರೂ, ತಮಿಳು ತೆಲುಗು ಮಾತನಾಡುವವರೂ, ಬಿಹಾರ ಒಡಿಶಾಗಳಿಂದ ಬಂದವರೂ ಒಂದೇ ನಲ್ಲಿಯ ಮುಂದೆ ಕೊಡವಿಟ್ಟು ಕಾಯುವರು. ‘ಕೋಶ ಓದು, ದೇಶ ಸುತ್ತು’ ಎಂದು ಹಿರಿಯರು ಹೇಳುವರಷ್ಟೆ. ಇಲ್ಲಿಯ ಶಿಶುಶಿಕ್ಷಕಿಯು ದೇಶ ಸುತ್ತಬೇಕಾಗಿಲ್ಲ. ದೇಶವೇ ಬಂದು ಆಕೆಯ ಚಾಪೆಯ ಮೇಲೆ ಕುಳಿತಿದೆ. ಆಕೆಗೆ ಉಳಿದಿರುವುದು ಕೋಶವನ್ನೋದುವ ಕಾರ್ಯವೊಂದೇ.

ಕಾರ್ಮಿಕಸ್ತ್ರೀಯರ ಕೂಸುಗಳಿಗಾಗಿ ಕಾನೂನು ಏನನ್ನೂ ಮಾಡಲಿಲ್ಲವೆಂದಲ್ಲ. 1948ರ ಕಾರ್ಖಾನೆಗಳ ಕಾಯಿದೆಯು ಐವತ್ತಕ್ಕಿಂತ ಹೆಚ್ಚು ಮಂದಿ ಸ್ತ್ರೀಯರು ದುಡಿಯುವಲ್ಲಿ ಶಿಶುಪಾಲನಾಗೃಹವಿರಬೇಕೆಂದು ವಿಧಿಸಿತು. 1976ರ ತಿದ್ದುಪಡಿಯು ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿತು. ಆದರೆ ಹತ್ತು ಹನ್ನೆರಡು ಮಂದಿ ದುಡಿಯುವ ಸಣ್ಣ ಕಾರ್ಖಾನೆಗೂ, ಮನೆಮನೆಯ ಪಾತ್ರೆ ತೊಳೆಯುವ ತಾಯಿಗೂ ಆ ವಿಧಿಯು ತಾಗಲಿಲ್ಲ. ಇಂತಹ ತಾಯಂದಿರ ಕೂಸುಗಳಿಗೆ ಆಸರೆಯಾದದ್ದು ಅಂಗನವಾಡಿಯು. 1975ನೆಯ ಅಕ್ಟೋಬರ್ 2ರಂದು ದೇಶದ 33 ಪ್ರದೇಶಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಪ್ರಾರಂಭವಾಯಿತು. ಕರ್ನಾಟಕದಲ್ಲಿ ಮೊದಲು ಅದನ್ನು ಕಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವಿಕೆ, ತಾಯಂದಿರಿಗೆ ಆಹಾರ ಆರೋಗ್ಯಗಳ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳು ಅದರಲ್ಲಿ ಅಡಕವಾದವು. ಈ ಆರರ ಭಾರವೂ ಬಹುಮಟ್ಟಿಗೆ ಒಬ್ಬ ಕಾರ್ಯಕರ್ತೆಯ ಹೆಗಲ ಮೇಲೆಯೇ ಬಿದ್ದಿತು.

ಇಂತಹ ಒಬ್ಬ ಕಾರ್ಯಕರ್ತೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಹೆಸರು ಬೇಡ; ಅನೇಕರ ಬಾಳು ಅವಳಲ್ಲಿದೆ. ಆಕೆಯು ಬಿ.ಎ. ಮುಗಿಸಿರುವಳು. ಬೆಳಗ್ಗೆ ಮಕ್ಕಳನ್ನು ಕರೆತಂದು, ಮೊಗ ತೊಳೆಯಿಸಿ, ಹಾಡಿಸಿ, ಉಣ್ಣಿಸಿ, ತೂಕ ನೋಡಿ, ದಾಖಲೆ ಬರೆದು, ಸಂಜೆ ಮನೆಗೆ ಹೋಗಿ ಅಡುಗೆ ಮಾಡಿ, ಮನೆಯವರೆಲ್ಲ ಮಲಗಿದ ಮೇಲೆ ಪುಸ್ತಕ ತೆರೆಯುವಳು. 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಂತಹ ಸಂಸ್ಥೆಗಳು ದುಡಿಯುವವರಿಗೆ ಮನೆಯಲ್ಲಿಯೇ ಎಂ.ಎ. ಪದವಿಗಾಗಿ ಓದುವ ಅವಕಾಶವನ್ನು ಕಲ್ಪಿಸಿದುವು. ಆಕೆಯು ಶಿಕ್ಷಣಶಾಸ್ತ್ರವನ್ನೇ ಆರಿಸಿಕೊಂಡಿರುವಳೆಂದು ಇಟ್ಟುಕೊಳ್ಳಿರಿ.

ಮೊದಲ ಪ್ರವೇಶಪತ್ರವನ್ನು ಬರೆಯುವಾಗ ಆಕೆಯ ಧ್ಯೇಯವೇನು? ‘ಎಂ.ಎ. ಆದರೆ ಮೇಲ್ವಿಚಾರಕಿಯ ಹುದ್ದೆ ದೊರೆತೀತು, ಇಲ್ಲವಾದರೆ ಪ್ರೌಢಶಾಲೆಯಲ್ಲಿ ಸ್ಥಳ ಸಿಕ್ಕೀತು, ಒಟ್ಟಿನಲ್ಲಿ ಈ ಚಾಪೆಯಿಂದ ಏಳಬಹುದು’ ಎಂಬುದೇ. ಇದನ್ನು ಕೇಳಿ ಯಾರೂ ಮೂಗು ಮುರಿಯಲಾಗದು. ಆಕೆಗೆ ದೊರೆಯುವುದು ಸಂಬಳವಲ್ಲ, ಗೌರವಧನ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಗೊತ್ತುಮಾಡಿದ ಗೌರವಧನವು ತಿಂಗಳಿಗೆ 4,500 ರೂಪಾಯಿ. ಅದರ ಮೇಲೆ ರಾಜ್ಯವು ತನ್ನ ಪಾಲನ್ನು ಸೇರಿಸುವುದು. 2006ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ, ಅಂಗನವಾಡಿ ಕಾರ್ಯಕರ್ತೆಯದು ಸರಕಾರಿ ಹುದ್ದೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. 2022ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯವು ಇವರಿಗೆ ಗ್ರಾಚ್ಯುಟಿಯ ಹಕ್ಕುಂಟೆಂದು ಹೇಳಿದಾಗ, ಬಹುಕಾಲದ ಬೇಡಿಕೆಗಳಲ್ಲಿ ಒಂದು ಕೈಗೂಡಿದಂತಾಯಿತು. ವಠಾರದ ಬಾಡಿಗೆಯನ್ನು ತಿಂಗಳ ಮೊದಲ ವಾರದಲ್ಲಿ ಎಣಿಸಬೇಕಾದವಳು ಹೆಚ್ಚಿನ ವರಮಾನವನ್ನು ಬಯಸಿದರೆ ಅದು ಲೋಭವಲ್ಲ. ಕಾಯಕಕ್ಕೆ ತಕ್ಕ ಪ್ರತಿಫಲದ ನ್ಯಾಯವಾದ ಅಪೇಕ್ಷೆ. ಆದರೆ ಈ ಅಪೇಕ್ಷೆಯೊಂದೇ ಧ್ಯೇಯವಾಗಿ ಉಳಿದಲ್ಲಿ ಕೂಸಿನ ಗತಿಯೇನೆಂಬ ಪ್ರಶ್ನೆಯು ಮಾತ್ರ ಹಾಗೆಯೇ ನಿಲ್ಲುವುದು.

ವ್ಯಾಸಂಗವು ಮುಂದುವರಿದಂತೆ ಎರಡನೆಯ ಘಟ್ಟವು ಬರುವುದು. ಜರ್ಮನಿಯಲ್ಲಿ ಫ್ರೋಬೆಲ್ ಮಹಾಶಯನು ತನ್ನ ಬಾಲಶಾಲೆಗೆ 1840ರಲ್ಲಿ ‘ಮಕ್ಕಳ ತೋಟ’ವೆಂಬರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರನ್ನಿತ್ತುದನ್ನೂ, ವಕೀಲಿವೃತ್ತಿಯನ್ನು ಬಿಟ್ಟುಬಂದ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದುದನ್ನೂ ಆಕೆಯು ಓದುವಳು. ಈಗ ಆಕೆಯ ಮನಸ್ಸು ಸಾಧನಗಳ ಮೇಲೆ ಹೋಗುವುದು. ಹೊಳೆಯುವ ಮರದ ಕೊಂತಗಳೂ, ಬಣ್ಣದ ಹಲಗೆಗಳೂ, ವಿಶಾಲವಾದ ಕೋಣೆಯೂ ಇಲ್ಲದೆ ಶಿಕ್ಷಣವೇ ಸಾಧ್ಯವಿಲ್ಲವೆಂದು ತೋರುವುದು. ತನ್ನ ಇಕ್ಕಟ್ಟಾದ ಕೋಣೆಯನ್ನು ಕಂಡು ನಾಚಿಕೆಪಡುವಳು. ಓದುವವರೆಲ್ಲರಿಗೂ ಬರತಕ್ಕ ಮಧ್ಯಕಾಲದ ಜ್ವರವಿದು. ಫ್ರೋಬೆಲನ ಮರದ ಗೋಲವನ್ನೂ ಘನವನ್ನೂ ಕಾಣುವವಳಿಗೆ ಆ ಸಾಧನಗಳ ಹಿಂದಿರುವ ತತ್ತ್ವವು ಇನ್ನೂ ಕಾಣಿಸಿರುವುದಿಲ್ಲ. ಹುಣಿಸೆಬೀಜ, ಹೊಂಗೆಯ ಕಾಯಿ, ಮಣ್ಣು, ನೀರು, ಒಂದು ಹಳೆಯ ತಕ್ಕಡಿ, ಇಷ್ಟರಲ್ಲಿಯೂ ಎಣಿಕೆ, ವಿಂಗಡಣೆ, ತೂಕ, ಹೋಲಿಕೆ ಎಲ್ಲವೂ ಇರುವುವೆಂಬುದು ತಿಳಿದ ದಿನ ಆ ಜ್ವರವು ಇಳಿಯುವುದು.

ಮೂರನೆಯ ಘಟ್ಟವನ್ನು ತರುವುದು ಒಂದು ಕೂಸು. ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಕುಟುಂಬದ ಮಗುವೊಂದು ವಾರಗಟ್ಟಲೆ ಬಾಯಿ ಬಿಡದೆ ಮೂಲೆಯಲ್ಲಿ ಕುಳಿತಿರುವುದನ್ನು ಇಂತಹ ಅಂಗನವಾಡಿಯಲ್ಲಿ ಯಾರಾದರೂ ಕಾಣಬಹುದು. ‘ಮಂದಬುದ್ಧಿಯ ಕೂಸು’ ಎಂದು ಬಲ್ಲವರಂತೆ ಹೇಳಿಬಿಡುವುದು ಸುಲಭ. ಆದರೆ ಮನೆಯ ಮಾತು ಒಂದಾಗಿ, ಶಾಲೆಯ ಮಾತು ಬೇರೆಯಾದಾಗ, ಕೂಸು ಹೊಸ ನುಡಿಯನ್ನು ಮೊದಲು ಕಿವಿಯಿಂದಲೇ ಸಂಗ್ರಹಿಸುವುದೆಂದೂ, ಕೆಲವು ಮಕ್ಕಳಲ್ಲಿ ಆ ಮೌನವು ತಿಂಗಳುಗಳ ಕಾಲ ನಿಲ್ಲಬಹುದೆಂದೂ, ಆ ಮೌನವು ಕಲಿಕೆಯ ಅಭಾವವಲ್ಲವೆಂದೂ ಭಾಷಾಶಿಕ್ಷಣದ ಗ್ರಂಥಗಳು ವಿವರಿಸುವುವು. ಉಪಾಧ್ಯಾಯಿನಿಯು ರಾತ್ರಿ ಇದನ್ನೋದಿ, ಮರುದಿನ ಆ ಕೂಸನ್ನು ಬೇರೆ ಕಣ್ಣಿನಿಂದ ನೋಡುವಳು. ಬಾಯಿ ಮುಚ್ಚಿದ್ದರೂ ಅದರ ಕೈ ಸುಮ್ಮನಿಲ್ಲ, ಹಾಡಿಗೆ ಬೆರಳಾಡಿಸುವುದು, ಬೆಂಕಿಪೊಟ್ಟಣಗಳನ್ನು ಸಾಲಾಗಿಟ್ಟು ತಂದೆಯ ಕಾರ್ಖಾನೆಯ ಯಂತ್ರವನ್ನು ಕಟ್ಟುವುದು, ಯಂತ್ರದ ಸದ್ದನ್ನು ಮೆಲ್ಲಗೆ ಅನುಕರಿಸುವುದು. ಆಕೆಯು ಅದರ ತಾಯಿಯಿಂದ ನೀರು, ಊಟ, ಅಮ್ಮ, ಬಾ, ನೋವು ಎಂಬ ಐದಾರು ಶಬ್ದಗಳನ್ನು ಅವರ ನುಡಿಯಲ್ಲಿ ಕಲಿತುಕೊಳ್ಳುವಳು. ಒಂದು ಮುಂಜಾನೆ ಕೂಸು ಎದ್ದುಬಂದು ಸೆರಗು ಹಿಡಿದು ಕನ್ನಡದಲ್ಲಿ ‘ಟೀಚರ್, ನೀರು’ ಎನ್ನುವುದು. ಪದವಿಪತ್ರವು ಕೈಗೆ ಬರುವುದಕ್ಕೆ ಮುಂಚೆಯೇ ಓದಿನ ಫಲವು ಆಕೆಗೆ ಆ ದಿನ ದೊರೆತಂತಾಯಿತು.

ಇಲ್ಲಿಂದ ಮುಂದೆ ಧ್ಯೇಯವು ತಾನಾಗಿಯೇ ಅಗಲವಾಗುವುದು. ಕೂಸನ್ನು ನೋಡಬಲ್ಲವಳು ಕೂಸಿನ ಮನೆಯನ್ನು ನೋಡದಿರಲಾರಳು. ತೂಕದ ಪಟ್ಟಿಯಲ್ಲಿ ರೇಖೆಯು ಏಕೆ ಕೆಳಗಿಳಿಯಿತು? ತಾಯಿಯ ಪಾಳಿ ಬದಲಾಗಿ ಬೆಳಗಿನ ಊಟ ತಪ್ಪಿದೆ. ಆರು ವರುಷದ ಅಕ್ಕನು ಶಾಲೆ ಬಿಟ್ಟದ್ದೇಕೆ? ಕಂಕುಳಲ್ಲಿ ತಮ್ಮನಿರುವನು. ಹಿಂದೆ ಆಕೆಯು ದಾಖಲೆಯ ಪುಸ್ತಕಗಳನ್ನು ಶಿಕ್ಷೆಯೆಂದು ತುಂಬುತ್ತಿದ್ದಳು; 2021ರಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಸಾಧನವು ಬಂದಾಗಲೂ ಹೊಸದೊಂದು ಹೊರೆ ಬಂದಿತೆಂದೇ ಎಣಿಸಿದ್ದಳು. ಈಗ ಆ ಅಂಕೆಗಳ ಹಿಂದಿರುವ ಮನೆಗಳು ಕಾಣತೊಡಗುವುವು. ‘ನಮ್ಮ ಮಗುವಿಗೆ ಇನ್ನೂ ಬರೆಯಲು ಬಾರದಲ್ಲಾ’ ಎಂದು ಆಕ್ಷೇಪಿಸುವ ತಂದೆಗೆ, ಬೆರಳಿನ ಸ್ನಾಯುಗಳು ಹದಗೊಳ್ಳುವ ಮುನ್ನ ಬಳಪವನ್ನು ಒತ್ತಿ ಹಿಡಿಸುವುದರಿಂದ ಲಾಭವಿಲ್ಲವೆಂದೂ, ಜೇಡಿಮಣ್ಣು ಕಲಸುವುದು ಮಣಿ ಪೋಣಿಸುವುದು ಇವೇ ಬರವಣಿಗೆಯ ಮೊದಲ ಪಾಠಗಳೆಂದೂ ತಾಳ್ಮೆಯಿಂದ ತಿಳಿಸುವಳು. ಮೊದಲಿಗೆ ತನ್ನ ಏಳಿಗೆಯೊಂದನ್ನೇ ಗುರಿಯಾಗಿಟ್ಟುಕೊಂಡವಳು ಈಗ ಕೇರಿಯ ಏಳಿಗೆಯನ್ನು ಕುರಿತು ಯೋಚಿಸುವಳು.

ಈ ವಿಕಾಸವು ಕೇವಲ ಕಲ್ಪನೆಯಲ್ಲವೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳಿವೆ. ಇಟಲಿ ದೇಶದ ಮರಿಯಾ ಮಾಂಟೆಸರಿಯವರು 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿಯನ್ನು ಪಡೆದವರು. ಬುದ್ಧಿ ಬೆಳೆಯದ ಮಕ್ಕಳ ಚಿಕಿತ್ಸೆಯಲ್ಲಿ ತೊಡಗಿದಾಗ, ಆ ಮಕ್ಕಳಿಗೆ ಔಷಧಕ್ಕಿಂತ ಶಿಕ್ಷಣವೇ ಹೆಚ್ಚು ಅವಶ್ಯವೆಂಬುದನ್ನು ಕಂಡರು. 1901ರಲ್ಲಿ ಅದುವರೆಗಿನ ಸ್ಥಾನವನ್ನು ಬಿಟ್ಟು, ಅದೇ ವಿಶ್ವವಿದ್ಯಾನಿಲಯಕ್ಕೆ ಮರಳಿ ವಿದ್ಯಾರ್ಥಿನಿಯಾಗಿ ಸೇರಿ ತತ್ತ್ವಶಾಸ್ತ್ರವನ್ನೂ ಶಿಕ್ಷಣಶಾಸ್ತ್ರವನ್ನೂ ಓದತೊಡಗಿದರು. ಆ ಓದು ಅವರನ್ನು ಎಲ್ಲಿಗೆ ಕರೆದೊಯ್ದಿತು? ರೋಮ್ ನಗರದ ಸಾನ್ ಲೊರೆಂಜೊ ಎಂಬ ಕಾರ್ಮಿಕರ ಕೇರಿಗೆ. ಅಲ್ಲಿಯ ವಠಾರಗಳಲ್ಲಿ ತಂದೆತಾಯಂದಿರು ದುಡಿಯಹೋದಾಗ ಮಕ್ಕಳು ಗೋಡೆಗಳನ್ನು ಹಾಳುಗೆಡಹುತ್ತಿದ್ದರೆಂದು, ಮಕ್ಕಳನ್ನು ಒಂದೆಡೆ ಕೂಡಿಹಾಕುವುದಕ್ಕೆ ಕಟ್ಟಡದ ಒಡೆಯರು ಒಂದು ಕೋಣೆಯನ್ನು ಕೊಟ್ಟರು. 1907ನೆಯ ಜನವರಿ 6ರಂದು ಆ ಕೋಣೆಯಲ್ಲಿ ‘ಮಕ್ಕಳ ಮನೆ’ಯು ತೆರೆಯಿತು. ಇಂದು ಶ್ರೀಮಂತರ ಬಡಾವಣೆಗಳಲ್ಲಿ ಭಾರಿ ಶುಲ್ಕವನ್ನು ತೆಗೆದುಕೊಂಡು ನಡೆಸುವ ಪದ್ಧತಿಯು ಹುಟ್ಟಿದ್ದು ರಾಜಗೋಪಾಲನಗರದಂತಹ ಒಂದು ಕೇರಿಯಲ್ಲಿ, ಕಾರ್ಮಿಕರ ಕೂಸುಗಳ ನಡುವೆ ಎಂಬುದನ್ನು ಮರೆಯಲಾಗದು. ಅದೇ ಮಾಂಟೆಸರಿಯವರು 1939ರಲ್ಲಿ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಮದರಾಸಿನ ಅಡೆಯಾರಿಗೆ ಬಂದರು. ಯುದ್ಧದ ನಿಮಿತ್ತ 1946ರವರೆಗೂ ಭಾರತದಲ್ಲಿಯೇ ಉಳಿದು, ನೂರಾರು ಮಂದಿ ಶಿಕ್ಷಕರನ್ನು ತರಬೇತುಗೊಳಿಸಿದರು.

ಎರಡನೆಯ ಸಾಕ್ಷಿಯು ನೆರೆಯ ಮಹಾರಾಷ್ಟ್ರದ್ದು. ತಾರಾಬಾಯಿ ಮೋಡಕ್ ಅವರು ಮುಂಬಯಿ ವಿಶ್ವವಿದ್ಯಾನಿಲಯದ ಪದವೀಧರೆ. ರಾಜಕೋಟೆಯಲ್ಲಿ ಸ್ತ್ರೀಶಿಕ್ಷಕರ ಕಾಲೇಜಿನ ಮುಖ್ಯಸ್ಥೆಯಾಗಿದ್ದವರು. ಆ ಕಾಲದಲ್ಲಿ ಒಬ್ಬ ಭಾರತೀಯ ಸ್ತ್ರೀಗೆ ಅದಕ್ಕಿಂತ ಹಿರಿದಾದ ಸ್ಥಾನವು ಸುಲಭವಾಗಿರಲಿಲ್ಲ. ಅದನ್ನು ಬಿಟ್ಟು 1923ರಲ್ಲಿ ಗಿಜುಭಾಯಿಯವರ ಬಾಲಮಂದಿರಕ್ಕೆ ಬಂದು ಮಕ್ಕಳ ನಡುವೆ ಕುಳಿತರು. ಸಂಶೋಧನೆಯೂ ಗ್ರಂಥರಚನೆಯೂ ಸಾಗುತ್ತಲೇ ಇದ್ದುವು. ಗುರಿಯಾದರೋ ಕೆಳಗೆ ಕೆಳಗೆ ಇಳಿಯುತ್ತ ಬಂದಿತು. ನಗರದ ಮಕ್ಕಳಿಂದ ಹಳ್ಳಿಯ ಮಕ್ಕಳಿಗೆ, 1945ರಲ್ಲಿ ಬೋರ್ಡಿಗೆ, 1957ರಲ್ಲಿ ಕೋಸಬಾಡದ ಆದಿವಾಸಿಗಳ ನಡುವಿಗೆ. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಅವರ ಮನೆಯಂಗಳಕ್ಕೆ ಹೋಗಲೆಂದು ನಿಶ್ಚಯಿಸಿದರು. ಅಂಗನವಾಡಿಯೆಂಬ ಮಾತಿನ ಹಿಂದೆ ಈ ಅಂಗಳವಿದೆ. ಅವರ ಸಹಚಾರಿಣಿ ಅನುತಾಯಿ ವಾಘ್ ಅವರು ಬಾಲ್ಯದಲ್ಲಿಯೇ ವೈಧವ್ಯವನ್ನುಂಡು, ದುಡಿಯುತ್ತಲೇ ಓದಿ, ದಶಕಗಳ ಕಾಲ ಆ ಕೂಸುಗಳನ್ನು ಸಾಕಿದರು. ಈ ನಾಡಿನಲ್ಲಿಯೂ ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ 1938ರಲ್ಲಿ ‘ಮಕ್ಕಳ ಕೂಟ’ವನ್ನು ಕಟ್ಟಿ, ತಮ್ಮ ಬರಹವನ್ನೂ ಬಾಳನ್ನೂ ಮಕ್ಕಳಿಗೆ ಮೀಸಲಿಟ್ಟರು.

ಈ ಚರಿತ್ರೆಗಳಿಂದ ಸಿದ್ಧವಾಗುವ ತತ್ತ್ವವು ಒಂದೇ. ಸಾಮಾನ್ಯವಾಗಿ ಓದನ್ನು ಏಣಿಯೆಂದು ತಿಳಿಯುವರು. ಏರಿದವನು ನೆಲವನ್ನು ಬಿಡುವನು. ಶಿಶುಶಿಕ್ಷಕಿಯ ಓದನ್ನು ಮಠದ ಕಲ್ಯಾಣಿಯ ಮೆಟ್ಟಿಲುಗಳಿಗೆ ಹೋಲಿಸಬೇಕು. ಒಂದೊಂದು ಮೆಟ್ಟಿಲಿಳಿದಂತೆಲ್ಲ ನೀರು ಹತ್ತಿರವಾಗುವುದು. ಪದವಿಯು ದೊಡ್ಡದಾದಂತೆಲ್ಲ ಆಕೆಯು ಕೂಸಿನ ಕಣ್ಣಿನ ಮಟ್ಟಕ್ಕೆ ಇನ್ನಷ್ಟು ಬಾಗಬಲ್ಲವಳಾದರೆ ಆ ಪದವಿಯು ಸಾರ್ಥಕವು.

ಇಲ್ಲಿ ಒಂದು ಆಕ್ಷೇಪವು ಬರುವುದು ಸಹಜ. ‘ಕಡಿಮೆ ಗೌರವಧನದಲ್ಲಿ, ಇಕ್ಕಟ್ಟಿನ ಕೋಣೆಯಲ್ಲಿ, ಎಂ.ಎ. ಓದಿದವಳು ಜನ್ಮವೆಲ್ಲ ಕುಳಿತಿರಲೆಂದು ಹೇಳುವುದು ತ್ಯಾಗದ ಹೆಸರಿನಲ್ಲಿ ಅನ್ಯಾಯವಲ್ಲವೆ?’ ಎಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ ಸರಿ. ತಾರಾಬಾಯಿಯವರು ಸ್ಥಾನವನ್ನು ತಾವಾಗಿ ಬಿಟ್ಟರು. ಇತರರ ಸ್ಥಾನವನ್ನು ಕಿತ್ತುಕೊಂಡು ಅದಕ್ಕೆ ತ್ಯಾಗವೆಂಬ ಹೆಸರನ್ನಿಡುವ ಅಧಿಕಾರವು ಸಮಾಜಕ್ಕಿಲ್ಲ. ತಪ್ಪು ಇರುವುದು ಮೇಲಕ್ಕೆ ಹೋಗಬಯಸುವವಳಲ್ಲಿ ಅಲ್ಲ. ಮೂರು ವರುಷದ ಮಗುವಿನ ಗುರುವನ್ನು ಎಲ್ಲ ಗುರುಗಳಿಗಿಂತ ಕೆಳಗೆ ಕೂರಿಸಿದ ಲೋಕರೂಢಿಯಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರುಷದವರೆಗಿನ ಕಾಲವನ್ನು ಬುನಾದಿಯ ಹಂತವೆಂದು ಕರೆದು, ಆರು ವರುಷದೊಳಗಾಗಿ ಮಿದುಳಿನ ಬೆಳವಣಿಗೆಯ ನೂರಕ್ಕೆ 85ಕ್ಕೂ ಹೆಚ್ಚು ಭಾಗವು ಆಗಿಹೋಗುವುದೆಂದು ಹೇಳಿತು. ಹನ್ನೆರಡನೆಯ ತರಗತಿಯವರೆಗೆ ಓದಿದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ, ಉಳಿದವರಿಗೆ ಒಂದು ವರುಷದ ಶಿಕ್ಷಣವನ್ನೂ ಅದು ಸೂಚಿಸಿತು. ಬುನಾದಿಗೆ ಒಳ್ಳೆಯ ಕಲ್ಲು ಬೇಕೆಂದು ಒಪ್ಪಿದ ಮೇಲೆ ಕಲ್ಲುಕುಟಿಗನ ಕೂಲಿಯ ವಿಷಯದಲ್ಲಿ ಜಿಪುಣತನವು ಸಲ್ಲದು.

2024ರಲ್ಲಿ ಕರ್ನಾಟಕದಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿಯೇ ಎಲ್.ಕೆ.ಜಿ., ಯು.ಕೆ.ಜಿ. ತರಗತಿಗಳನ್ನು ತೆರೆಯುವ ನಿರ್ಧಾರವಾದಾಗ, ಮಕ್ಕಳೆಲ್ಲ ಅತ್ತ ಹೋದರೆ ಅಂಗನವಾಡಿಯ ಗತಿಯೇನೆಂದು ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕುಳಿತರು. ‘ನಮ್ಮಲ್ಲಿಯೂ ಪದವೀಧರೆಯರಿದ್ದಾರೆ, ಆ ತರಗತಿಗಳನ್ನು ನಮ್ಮ ಅಂಗನವಾಡಿಗಳಲ್ಲಿಯೇ ನಡೆಸೋಣ’ ಎಂಬುದು ಅವರ ವಾದದ ಸಾರ. ಆ ವರ್ಷವೇ ಅಂಗನವಾಡಿಗಳಲ್ಲಿಯೂ ಅಂತಹ ತರಗತಿಗಳಿಗೆ ಮೊದಲಾಯಿತು. ರಾತ್ರಿಗಳಲ್ಲಿ ಕಣ್ಣುರಿಸಿಕೊಂಡು ಓದಿದ ಓದು ಬರಿಯ ಗೋಡೆಯ ಮೇಲಿನ ಪ್ರಮಾಣಪತ್ರವಾಗದೆ, ತಾನು ಕುಳಿತ ಚಾಪೆಯನ್ನು ಉಳಿಸಿಕೊಳ್ಳುವ ವಾದವಾಗಿ ಬಂದುದು ಈ ಪ್ರಸಂಗದ ವಿಶೇಷವು. ಆ ಓದು ಅವಳನ್ನು ಚಾಪೆಯಿಂದ ಎಬ್ಬಿಸಲಿಲ್ಲ. ಚಾಪೆಯ ಮೇಲೆ ಗೌರವದಿಂದ ಕೂರುವ ಹಕ್ಕನ್ನು ಕೇಳುವ ಧೈರ್ಯವನ್ನು ಕೊಟ್ಟಿತು.

ಹೀಗಿರಲು ಭಕ್ತಮಹಾಶಯರ ಕರ್ತವ್ಯವೇನು? ಪ್ರಸಾದನಿಲಯದಲ್ಲಿ ವಿದ್ಯಾರ್ಥಿಗೆ ಅನ್ನವಿಕ್ಕುವಂತೆ, ಓದುತ್ತಿರುವ ಉಪಾಧ್ಯಾಯಿನಿಗೆ ಪುಸ್ತಕವನ್ನೂ ಪರೀಕ್ಷಾಶುಲ್ಕವನ್ನೂ ಒದಗಿಸುವುದು ದಾಸೋಹವೇ. ಮಠದ ಶಿಕ್ಷಣಸಂಸ್ಥೆಗಳಲ್ಲಿ ಎಂ.ಎ. ಓದಿದ ಶಿಶುಶಿಕ್ಷಕಿಗೆ ಅದೇ ಪದವಿಯ ಪ್ರೌಢಶಾಲಾ ಶಿಕ್ಷಕಿಯ ಸಮನಾದ ವೇತನವನ್ನಿತ್ತರೆ, ಸರಕಾರಕ್ಕೂ ಅದೊಂದು ಮಾದರಿಯಾದೀತು. ಕಾರ್ಖಾನೆಗಳ ಒಡೆಯರಾದ ಭಕ್ತರು ಪೀಣ್ಯದಲ್ಲಿಯೂ ಇರಬಹುದು. ಕಾನೂನಿನ ಸಂಖ್ಯೆಯನ್ನು ಎಣಿಸುತ್ತ ಕೂರದೆ, ನಾಲ್ಕಾರು ಸಣ್ಣ ಕಾರ್ಖಾನೆಯವರು ಕೂಡಿ ಒಂದು ಶಿಶುವಿಹಾರವನ್ನು ನಡೆಸಿ, ಇಂತಹ ಓದಿದ ತಾಯಿಯೊಬ್ಬಳನ್ನು ಅದಕ್ಕೆ ನೇಮಿಸಿದರೆ ಕಾಯಕವೂ ದಾಸೋಹವೂ ಒಂದೆಡೆ ಸೇರಿದಂತಾಗುವುದು. ಇದಾವುದೂ ಆಗದಿದ್ದರೆ, ಕೊನೆಯ ಪಕ್ಷ, ಕೇರಿಯ ಅಂಗನವಾಡಿಯ ಮುಂದೆ ಹಾದುಹೋಗುವಾಗ ಒಳಗಿರುವವಳನ್ನು ‘ಆಯಾ’ ಎಂದು ಕರೆಯದೆ ‘ಗುರುಗಳೆ’ ಎಂದು ಕರೆಯಬಹುದು. ಅದಕ್ಕೆ ಕಾಸು ಬೇಕಾಗಿಲ್ಲ.

ಓದುತ್ತಿರುವ ಸೋದರಿಯರಿಗೂ ಒಂದು ಮಾತು ಸಲ್ಲುತ್ತದೆ. ಪ್ರವೇಶಪತ್ರದಲ್ಲಿ ಬರೆದ ಧ್ಯೇಯವೇ ಪರೀಕ್ಷೆಯ ದಿನದವರೆಗೂ ಉಳಿಯಬೇಕೆಂಬ ನಿಯಮವಿಲ್ಲ. ಅದು ಮಾರ್ಪಟ್ಟರೆ ಅಳುಕಬೇಕಾಗಿಲ್ಲ. ಮಾರ್ಪಡದಿದ್ದರೆ ಓದು ಒಳಗಿಳಿಯಲಿಲ್ಲವೆಂದು ತಿಳಿಯಬೇಕು. ವರುಷಕ್ಕೊಮ್ಮೆ ಪುಸ್ತಕದ ಕೊನೆಯ ಹಾಳೆಯಲ್ಲಿ ತನ್ನ ಗುರಿಯನ್ನು ತಾನೇ ಬರೆದಿಟ್ಟು, ಹಿಂದಿನ ವರುಷದ್ದರೊಡನೆ ಹೋಲಿಸಿ ನೋಡುವುದು ಒಳ್ಳೆಯ ಅಭ್ಯಾಸ. ಆ ಬರಹದಲ್ಲಿ ತನ್ನ ಹೆಸರಿನ ಪಕ್ಕದಲ್ಲಿ ಯಾವುದಾದರೊಂದು ಕೂಸಿನ ಹೆಸರೂ ಬಂದು ಸೇರಿದ್ದರೆ, ದಾರಿ ತಪ್ಪಿಲ್ಲವೆಂದು ನಂಬಬಹುದು.

ನಾಳೆ ಮುಂಜಾನೆ ಪೀಣ್ಯದ ಮೊದಲ ಪಾಳಿಗೆ ತಾಯಂದಿರು ಹೊರಡುವರು. ರಾಜಗೋಪಾಲನಗರದ ಓಣಿಯಲ್ಲಿ ಒಬ್ಬ ಉಪಾಧ್ಯಾಯಿನಿಯು ನಿದ್ದೆಗೆಟ್ಟ ಕಣ್ಣುಗಳಿಂದಲೇ ಬಾಗಿಲು ತೆರೆದು, ನೆಲ ಗುಡಿಸಿ, ಚಾಪೆ ಹಾಸುವಳು. ಆಕೆಯ ಕೈಚೀಲದಲ್ಲಿ ಎಂ.ಎ. ಪರೀಕ್ಷೆಯ ಪುಸ್ತಕವಿರುವುದು. ಆ ಪುಸ್ತಕದಿಂದ ಚಾಪೆಗೆ ಬೆಳಕು ಹರಿಯಲೆಂದೂ, ಆ ಚಾಪೆಗೆ ಸಮಾಜದ ಗೌರವವು ಸಲ್ಲಲೆಂದೂ ಶ್ರೀ ಸನ್ನಿಧಿಯವರ ಆಶೀರ್ವಾದವು ಸದಾ ಇರಲಿ.